ಮಗಳು ಕ್ರೀಡಾ ವಿವರಣೆಗಾರ್ತಿಯಾಗುತ್ತೇನೆ ಎಂದರೆ...

ಪಿಯುಸಿ ಮುಗಿಸಿದ ಮಗಳು ಶಿಕ್ಷಕಿಯಾಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ನರ್ಸಿಂಗ್ ಓದುತ್ತೇನೆ ಎಂದರೆ ಸ್ವಲ್ಪ ಯೋಚಿಸಿ ಒಪ್ಪುತ್ತಾರೆ. ಆದರೆ ಅದೇ ಮಗಳು, "ನಾನು ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಆಟದ ಕಾಮೆಂಟರಿ ಹೇಳುವ ಕೆಲಸ ಮಾಡುತ್ತೇನೆ" ಎಂದರೆ? ಅಣ್ಣ ತಮ್ಮಂದಿರು ನಗುತ್ತಾರೆ. ಅಬ್ಬಾ ಸುಮ್ಮನಾಗುತ್ತಾರೆ. ಅಮ್ಮಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ.

ಸಹೋದರಿಯರೇ, ಈ ಲೇಖನ ಅಂತಹ ಮಗಳಿಗೂ ಅವಳ ತಾಯಿಗೂ. ನಕ್ಕು ತಳ್ಳಿಹಾಕಿದರೆ ಮಗಳ ಒಂದು ಪ್ರತಿಭೆ ಮನೆಯಲ್ಲೇ ಕಮರಿ ಹೋಗಬಹುದು. ಏನೂ ವಿಚಾರಿಸದೆ ಹುರಿದುಂಬಿಸಿದರೆ ನಾಳೆ ಅವಳು ನಿರಾಶಳಾಗಬಹುದು. ಈ ಕೆಲಸ ಏನು, ಅದಕ್ಕೆ ಏನು ಬೇಕು, ಅದರ ಕಷ್ಟವೇನು ಎಂದು ತಿಳಿದುಕೊಂಡ ನಂತರವೇ ಹೌದು ಅಥವಾ ಬೇಡ ಎನ್ನುವುದು ಜಾಣತನ.

ದಾರಿ ತೆರೆದವರು

ನಮ್ಮ ದೇಶದಲ್ಲಿ ರೇಡಿಯೋ ಮೂಲಕ ಕ್ರಿಕೆಟ್ ವಿವರಣೆ ಆರಂಭವಾದದ್ದು 1934ರಲ್ಲಿ, ಮುಂಬೈಯಲ್ಲಿ. ಪಾರ್ಸಿ ಮತ್ತು ಮುಸ್ಲಿಮ್ ತಂಡಗಳ ನಡುವಿನ ಪಂದ್ಯ ಅದು. ಮೈಕಿನ ಮುಂದೆ ಕುಳಿತವರು ಎ.ಎಫ್.ಎಸ್. ತಲ್ಯಾರ್‌ಖಾನ್. ಇನ್ನೊಬ್ಬರೊಂದಿಗೆ ಮೈಕ್ ಹಂಚಿಕೊಳ್ಳಲು ಒಪ್ಪದೆ ದಿನವಿಡೀ ಒಬ್ಬರೇ ಮಾತನಾಡುತ್ತಿದ್ದವರೆಂದು ಅವರು ಹೆಸರಾಗಿದ್ದರು.

ಮಹಿಳೆಯೊಬ್ಬಳು ಆ ಜಾಗಕ್ಕೆ ಬರಲು ನಾಲ್ಕು ದಶಕಗಳೇ ಬೇಕಾದವು. ಭಾರತದ ಮೊದಲ ಮಹಿಳಾ ಕ್ರಿಕೆಟ್ ವಿವರಣೆಗಾರ್ತಿ ಎಂದು ಖ್ಯಾತರಾದ ಚಂದ್ರಾ ನಾಯ್ಡು 1977ರಲ್ಲಿ ಇಂದೋರ್‌ನಲ್ಲಿ ನಡೆದ ಮುಂಬೈ ಮತ್ತು ಎಂ.ಸಿ.ಸಿ. ಪಂದ್ಯದ ವಿವರಣೆ ನೀಡಿದರು. ಭಾರತದ ಪ್ರಥಮ ಟೆಸ್ಟ್ ನಾಯಕ ಸಿ.ಕೆ. ನಾಯ್ಡು ಅವರ ಮಗಳಾದ ಇವರ ವೃತ್ತಿ ಕಾಲೇಜಿನಲ್ಲಿ ಇಂಗ್ಲಿಷ್ ಬೋಧನೆ. ಅವರು 2021ರಲ್ಲಿ ನಿಧನರಾದರು. ಪಾಠ ಹೇಳುವ ಕೆಲಸವನ್ನು ಇಟ್ಟುಕೊಂಡೇ ಅವರು ಮೈಕಿನ ಮುಂದೆ ಕುಳಿತರು ಎಂಬುದನ್ನು ತಾಯಂದಿರು ನೆನಪಿಡಬೇಕು. ಆ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಇಂದು ಅಂಜುಮ್ ಚೋಪ್ರಾ ಅವರಂತಹ ಮಾಜಿ ಆಟಗಾರ್ತಿಯರು ಪುರುಷರ ಪಂದ್ಯಗಳಿಗೂ ವಿವರಣೆ ನೀಡುತ್ತಾರೆ. ಪಾಕಿಸ್ತಾನದ ತಂಡವನ್ನು ವರ್ಷಗಳ ಕಾಲ ಮುನ್ನಡೆಸಿದ ಸನಾ ಮೀರ್ 2020ರಲ್ಲಿ ನಿವೃತ್ತರಾದರು. ಅವರೂ ವಿವರಣೆಗಾರ್ತಿಯಾಗಿದ್ದಾರೆ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಕೂಡ ಆಟ ಬಿಟ್ಟ ಮೇಲೆ ಹಿಡಿದದ್ದು ಇದೇ ಮೈಕನ್ನು.

ಕನ್ನಡಕ್ಕೆ ಬಂದ ಕಾಲ

"ಅವರೆಲ್ಲ ದೊಡ್ಡ ಊರಿನವರು, ಇಂಗ್ಲಿಷ್ ಬಲ್ಲವರು. ಬಳ್ಳಾರಿ ಪಕ್ಕದ ಕೊಳಗಲ್ಲಿನಲ್ಲಿ ಕನ್ನಡ ಶಾಲೆಗೆ ಹೋದ ಹುಡುಗಿಗೆ ಅಲ್ಲಿ ಏನು ಕೆಲಸ?" ಎಂದು ನೀವು ಕೇಳಬಹುದು. ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆ ಸರಿಯಾಗಿಯೇ ಇತ್ತು. ಆಗ ಟಿ.ವಿ.ಯಲ್ಲಿ ಆಟವೆಂದರೆ ಇಂಗ್ಲಿಷ್ ಅಥವಾ ಹಿಂದಿ.

ಈಗ ಪರಿಸ್ಥಿತಿ ಬದಲಾಗಿದೆ. 2018ರ ಕೊನೆಯ ಹೊತ್ತಿಗೆ ಕನ್ನಡಕ್ಕೇ ಮೀಸಲಾದ ಸ್ಟಾರ್ ಸ್ಪೋರ್ಟ್ಸ್ ವಾಹಿನಿ ಆರಂಭವಾಯಿತು. 2023ರ ಐಪಿಎಲ್ ಪಂದ್ಯಗಳನ್ನು ಮೊಬೈಲಿನಲ್ಲಿ 12 ಭಾಷೆಗಳಲ್ಲಿ ಬಿತ್ತರಿಸಲಾಯಿತು. ಕನ್ನಡ ಅವುಗಳಲ್ಲಿ ಒಂದು. ಭಾರತ ತಂಡಕ್ಕೆ ಆಡಿದ ವಿಜಯ್ ಭಾರದ್ವಾಜ್ ಅವರಂತಹವರು ಕನ್ನಡದಲ್ಲೇ ಆಟ ವಿವರಿಸುವುದನ್ನು ನಮ್ಮ ಮನೆಗಳಲ್ಲಿ ಕೇಳುತ್ತೇವೆ. ಕಬಡ್ಡಿಯೂ ಕನ್ನಡದಲ್ಲಿ ಬಂತು.

ಮಹಿಳೆಯರ ಆಟವೂ ಬೆಳೆದಿದೆ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಯಿತು. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಏಕದಿನ ವಿಶ್ವಕಪ್ ಗೆದ್ದರು. ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. 2023ರಲ್ಲಿ 19 ವರ್ಷದೊಳಗಿನ ಬಾಲಕಿಯರು ವಿಶ್ವಕಪ್ ಗೆದ್ದಾಗ ಅವರ ತರಬೇತುದಾರರಾಗಿದ್ದವರು ನೂಶೀನ್ ಅಲ್ ಖದೀರ್, ಭಾರತದ ಪರವಾಗಿ ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ಪಡೆದ ಬೌಲರ್. ಆಡುವವರು ಹೆಚ್ಚಾದಂತೆ ಆ ಆಟದ ಕಥೆ ಹೇಳುವವರೂ ಬೇಕಾಗುತ್ತಾರೆ.

ಮೈಕಿನ ಮುಂದೆ ನಡೆಯುವುದೇನು?

ಬಹಳ ಜನ ಇದನ್ನು ಬರೀ ಮಾತುಗಾರಿಕೆ ಎಂದುಕೊಂಡಿದ್ದಾರೆ. ಹಾಗಲ್ಲ. ರೇಡಿಯೋ ಕೇಳುವವನಿಗೆ ಏನೂ ಕಾಣುವುದಿಲ್ಲ. ಚೆಂಡು ಯಾವ ತುದಿಯಿಂದ ಬಂತು, ದಾಂಡಿಗ ಎಲ್ಲಿಗೆ ಹೊಡೆದ, ಅಲ್ಲಿ ಯಾರಿದ್ದರು, ಎಷ್ಟು ಓಟ ಬಂತು, ಒಟ್ಟು ಎಷ್ಟಾಯಿತು ಎಂಬುದನ್ನೆಲ್ಲ ಮುಂದಿನ ಎಸೆತ ಬರುವುದರೊಳಗೆ ಹೇಳಿ ಮುಗಿಸಬೇಕು. ಈಗಷ್ಟೇ ರೇಡಿಯೋ ಹಚ್ಚಿದವನಿಗಾಗಿ ಸ್ಕೋರನ್ನು ಮತ್ತೆ ಮತ್ತೆ ಹೇಳುತ್ತಿರಬೇಕು.

ಟಿ.ವಿ.ಯಲ್ಲಿ ಇದಕ್ಕೆ ತದ್ವಿರುದ್ಧ. ಕಾಣುವುದನ್ನೇ ಹೇಳಿದರೆ ನೋಡುಗನಿಗೆ ಬೇಸರ. ಏಕೆ ಹಾಗಾಯಿತು ಎಂದು ಹೇಳಬೇಕು, ಕೆಲವೊಮ್ಮೆ ಸುಮ್ಮನಿರಲೂ ಗೊತ್ತಿರಬೇಕು. ಕಿವಿಯಲ್ಲಿ ನಿರ್ಮಾಪಕರು ಸೂಚನೆ ನೀಡುತ್ತಲೇ ಇರುತ್ತಾರೆ. ಅದನ್ನು ಕೇಳಿಸಿಕೊಳ್ಳುತ್ತಲೇ ತನ್ನ ವಾಕ್ಯವನ್ನು ತಡವರಿಸದೆ ಮುಗಿಸಬೇಕು. ಎಷ್ಟೋ ಸಲ ವಿವರಣೆಗಾರರು ಮೈದಾನದಲ್ಲೇ ಇರುವುದಿಲ್ಲ. ದೂರದ ಸ್ಟುಡಿಯೋದಲ್ಲಿ ಪರದೆ ನೋಡಿ ಮಾತನಾಡುತ್ತಾರೆ.

ಒಂದು ಪಂದ್ಯದ ಹಿಂದೆ ಗಂಟೆಗಟ್ಟಲೆ ಓದು ಇರುತ್ತದೆ. ಆಟಗಾರರ ಹೆಸರು, ಊರು, ಹಿಂದಿನ ಅಂಕಿಅಂಶ, ನಿಯಮ ಎಲ್ಲವೂ ನಾಲಿಗೆಯ ತುದಿಯಲ್ಲಿರಬೇಕು. ಮೈಕಿನ ಮುಂದೆ ಒಬ್ಬಿಬ್ಬರು ಕುಳಿತರೆ ಅವರ ಹಿಂದೆ ಅಂಕಿಅಂಶ ಒದಗಿಸುವವರು, ಕಾರ್ಯಕ್ರಮ ಬರೆಯುವವರು, ಅನುವಾದಿಸುವವರು, ದೃಶ್ಯ ಜೋಡಿಸುವವರು, ನಿರ್ಮಾಪಕರು ಹೀಗೆ ದೊಡ್ಡ ತಂಡವೇ ದುಡಿಯುತ್ತದೆ. ಕ್ಯಾಮರಾದ ಮುಂದೆ ಬರಲು ಇಷ್ಟವಿಲ್ಲದ ಹೆಣ್ಣುಮಗಳಿಗೂ ಈ ಕ್ಷೇತ್ರದಲ್ಲಿ ಗೌರವದ ಕೆಲಸವಿದೆ ಎಂಬುದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಮನೆಯ ಭಾಷೆಗಳೇ ಬಂಡವಾಳ

ಬಳ್ಳಾರಿಯ ಹುಡುಗಿಗೆ ಬೇರೆಡೆಯವರಿಗೆ ಸುಲಭವಾಗಿ ಸಿಗದ ಒಂದು ಆಸ್ತಿ ಇದೆ. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಈ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳೂ ಎರಡು ಮೂರು ಭಾಷೆ ಕೇಳುತ್ತಲೇ ಬೆಳೆಯುತ್ತಾರೆ. ಒಂದೇ ಪಂದ್ಯ ಹಲವು ಭಾಷೆಗಳಲ್ಲಿ ಬಿತ್ತರವಾಗುವ ಈ ಕಾಲದಲ್ಲಿ ಇದು ಸಣ್ಣ ಬಂಡವಾಳವಲ್ಲ.

ಆದರೆ ಬಂಡವಾಳವನ್ನು ದುಡಿಸಬೇಕು. ಉರ್ದು ಮಾತನಾಡುವ ಮನೆಯ ಮಕ್ಕಳಿಗೆ 'ಶ' ಮತ್ತು 'ಸ', 'ಹ' ಮತ್ತು 'ಅ' ವ್ಯತ್ಯಾಸ ಸಾಮಾನ್ಯವಾಗಿ ಸಲೀಸು. 'ಶಫಾಲಿ', 'ಸಿರಾಜ್' ಎಂಬ ಹೆಸರುಗಳು ಅವರ ಬಾಯಲ್ಲಿ ಸ್ಪಷ್ಟವಾಗಿ ಬರುತ್ತವೆ. ಕಷ್ಟವಾಗುವುದು ಕನ್ನಡದ 'ಳ' ಮತ್ತು 'ಣ'. 'ಕೊಳಗಲ್ಲು' ಎಂಬ ಊರ ಹೆಸರೇ ಒಳ್ಳೆಯ ಪರೀಕ್ಷೆ. ಮೊದಲು 'ಳ', ಆಮೇಲೆ ಒತ್ತಿ ಬರುವ 'ಲ್ಲ'. ಎರಡೂ ಬೇರೆ ಬೇರೆಯಾಗಿ ಕೇಳಿಸಬೇಕು. ದಿನಪತ್ರಿಕೆಯ ಕ್ರೀಡಾ ಪುಟವನ್ನು ದಿನವೂ ಗಟ್ಟಿಯಾಗಿ ಓದಿದರೆ ಕೆಲವೇ ತಿಂಗಳಲ್ಲಿ ನಾಲಿಗೆ ಪಳಗುತ್ತದೆ.

ಎಲ್ಲಿಂದ ಆರಂಭಿಸಬೇಕು?

ಮನೆಯಿಂದಲೇ. ಟಿ.ವಿ.ಯ ಶಬ್ದ ಪೂರ್ತಿ ನಿಲ್ಲಿಸಿ ಒಂದು ಓವರ್ ವಿವರಿಸಲು ಮಗಳಿಗೆ ಹೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಆಟ ನೋಡದ ಹಿರಿಯರೊಬ್ಬರಿಗೆ, ದಾದಿಗೋ ನಾನಿಗೋ ಅದನ್ನು ಕೇಳಿಸಿ. ಆರು ಎಸೆತಗಳಲ್ಲಿ ಏನೇನಾಯಿತು ಎಂದು ಅವರು ಹೇಳಬಲ್ಲರಾದರೆ ಮಗಳು ಪಾಸಾದಂತೆ. ಮೊದಲ ಸಲ ಯಾರೂ ಪಾಸಾಗುವುದಿಲ್ಲ, ಅದಕ್ಕೆ ಬೇಸರ ಬೇಡ.

ಎರಡನೆಯದಾಗಿ, ಒಂದೇ ಆಟಕ್ಕೆ ಅಂಟಿಕೊಳ್ಳಬಾರದು. ಕ್ರಿಕೆಟ್ ಬಲ್ಲವರು ಸಾವಿರಾರು. ಶಾಲೆಯ ಅಂಗಳದಲ್ಲಿ ತಾನೇ ಆಡಿದ ಖೋ-ಖೋ, ಕಬಡ್ಡಿ, ಓಟದ ಸ್ಪರ್ಧೆಗಳ ನಿಯಮ ಬಲ್ಲವರು ಕಡಿಮೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯೇ 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಒಲಿಂಪಿಕ್ ಚಿನ್ನ ಗೆದ್ದ ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದವರು. ಕುಸ್ತಿ, ಬಾಕ್ಸಿಂಗ್, ಜೂಡೋ ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಬೆಳೆಯುತ್ತಿರುವಾಗ ಅವುಗಳ ಬಗ್ಗೆ ಕನ್ನಡದಲ್ಲಿ ಮಾತನಾಡಬಲ್ಲ ಹುಡುಗಿಯರೂ ಬೆಳೆಯಬಾರದೇಕೆ?

ಮೂರನೆಯದಾಗಿ, ಶಾಲೆಯ ಕ್ರೀಡಾಕೂಟದಲ್ಲಿ ಮೈಕ್ ಹಿಡಿಯಲಿ. ಹತ್ತು ಜನರ ಮುಂದೆ ದನಿ ನಡುಗದಿದ್ದರೆ ಮಾತ್ರ ಹತ್ತು ಸಾವಿರ ಜನರ ಮುಂದೆ ನಿಲ್ಲಬಹುದು.

ಓದಿನ ವಿಷಯದಲ್ಲಿ ರಾಜಿ ಬೇಡ. ಯಾವುದಾದರೊಂದು ಪದವಿ ಇರಲೇಬೇಕು. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವಿದೆ. ಹೆಣ್ಣುಮಕ್ಕಳಿಗಾಗಿಯೇ ಇರುವ ಕಡೆ ಓದಿಸಲು ಬಯಸುವವರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಹೊಸಪೇಟೆಯಲ್ಲಿ ಆಕಾಶವಾಣಿ ಕೇಂದ್ರವಿದೆ. ಆಕಾಶವಾಣಿ ಕೇಂದ್ರಗಳು ಸಾಂದರ್ಭಿಕ ಉದ್ಘೋಷಕರನ್ನು ಬರವಣಿಗೆ ಮತ್ತು ಧ್ವನಿ ಪರೀಕ್ಷೆಯ ಮೂಲಕ ಆರಿಸುತ್ತವೆ. ಅಂತಹ ಪ್ರಕಟಣೆಗಾಗಿ ಕಣ್ಣಿಟ್ಟಿರಬೇಕು. ಅದು ಕ್ರೀಡೆಯ ಕೆಲಸವಲ್ಲದಿದ್ದರೂ ಮೈಕಿನ ಶಿಸ್ತು ಕಲಿಸುವ ಶಾಲೆ.

ಮನೆಯವರು ಕೇಳಲೇಬೇಕಾದ ಪ್ರಶ್ನೆಗಳು

ಈಗ ಕಹಿ ಮಾತು. ಈ ಕ್ಷೇತ್ರದಲ್ಲಿ ಕಾಯಂ ನೌಕರಿ ಕಡಿಮೆ. ಬಹುಪಾಲು ಕೆಲಸ ಒಂದು ಪಂದ್ಯಕ್ಕೆ, ಒಂದು ಸರಣಿಗೆ ಅಥವಾ ಒಂದು ಋತುವಿಗೆ ಮಾತ್ರ. ದೊಡ್ಡ ಕುರ್ಚಿಗಳು ಮೊದಲು ಸಲ್ಲುವುದು ದೇಶಕ್ಕೆ ಆಡಿದವರಿಗೆ. ಉಳಿದವರು ನಿರೂಪಣೆ, ವರದಿಗಾರಿಕೆ, ಬರವಣಿಗೆಯ ಬಾಗಿಲಿನಿಂದ ಒಳಬರಬೇಕು. ಚಂದ್ರಾ ನಾಯ್ಡು ಅವರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೋಧನೆಯೋ, ಅನುವಾದವೋ, ಕೈಯಲ್ಲಿ ಇನ್ನೊಂದು ಕೆಲಸವಿರಲಿ. ಆಗ ಮೈಕಿಗಾಗಿ ಕಾಯುವ ತಾಳ್ಮೆ ಬರುತ್ತದೆ. ಯಾರದೋ ಷರತ್ತಿಗೆ ತಲೆಬಾಗುವ ಅನಿವಾರ್ಯವೂ ಇರುವುದಿಲ್ಲ.

ಪಂದ್ಯಗಳು ರಾತ್ರಿ ಮುಗಿಯುತ್ತವೆ. ಮಗಳು ಎಲ್ಲಿ ಉಳಿಯುತ್ತಾಳೆ, ವಾಹನ ಯಾರದು ಎಂದು ಕೇಳುವುದು ಅಪನಂಬಿಕೆಯಲ್ಲ, ಹಕ್ಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಸಮಿತಿಯಲ್ಲಿ ಯಾರಿದ್ದಾರೆಂದು ಸೇರುವ ಮೊದಲೇ ವಿಚಾರಿಸಿ.

ಇನ್ನು ಹಿಜಾಬ್. ರೇಡಿಯೋಗೆ ಬೇಕಾದುದು ದನಿ ಮಾತ್ರ. ಟಿ.ವಿ.ಯಲ್ಲಿ ಬಾಗಿಲು ಇನ್ನೂ ಕಿರಿದಾಗಿಯೇ ಇದೆ. ಆದರೆ ಮುಚ್ಚಿಲ್ಲ. 2016ರಲ್ಲಿ ಕೆನಡಾದ ಟೊರೊಂಟೊದಲ್ಲಿ ಜಿನೆಲ್ಲಾ ಮಾಸ್ಸಾ ಹಿಜಾಬ್ ಧರಿಸಿಯೇ ಟಿ.ವಿ. ಸುದ್ದಿ ನಿರೂಪಿಸಿದರು. ಉಡುಪಿನ ಮಾತನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆಡಿ ಮುಗಿಸುವುದು ಇಬ್ಬರಿಗೂ ಒಳ್ಳೆಯದು.

ಜೂಜಿನ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಕ್ರೀಡಾ ಪ್ರಸಾರದ ಸುತ್ತ ಹಣ ಕಟ್ಟುವ ಆಟಗಳ ಜಾಹೀರಾತು ವರ್ಷಗಳ ಕಾಲ ಹರಿದಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಹೂಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಹಾಗಿದ್ದರೂ ತನ್ನ ದನಿಯನ್ನು ಯಾವುದರ ಪ್ರಚಾರಕ್ಕೆ ಕೊಡುತ್ತೇನೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಮಗಳು ಮೊದಲೇ ನಿರ್ಧರಿಸಿರಬೇಕು. ಹಲಾಲ್ ಸಂಪಾದನೆಯನ್ನೇ ಬಯಸುವ ಮನೆಯಲ್ಲಿ ಬೆಳೆದವಳಿಗೆ ಇದು ಕಷ್ಟದ ಪಾಠವಲ್ಲ.

ತಾಯಂದಿರೇ, ಮಗಳು ಕೊನೆಗೆ ಕ್ರೀಡಾ ವಿವರಣೆಗಾರ್ತಿ ಆಗಬಹುದು, ಆಗದೆಯೂ ಇರಬಹುದು. ಆದರೆ ಶುದ್ಧವಾಗಿ ಮಾತನಾಡಲು, ಓದಿ ಸಿದ್ಧಳಾಗಲು, ಸೋತವರ ಬಗ್ಗೆಯೂ ಗೌರವದಿಂದ ಮಾತನಾಡಲು ಆ ದಾರಿಯಲ್ಲಿ ಅವಳು ಕಲಿಯುತ್ತಾಳೆ. ಆ ಗಳಿಕೆ ತರಗತಿಯಲ್ಲೂ, ಕಚೇರಿಯಲ್ಲೂ, ಸಂಸಾರದಲ್ಲೂ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಅವಳ ಆಸೆಗೆ ಉತ್ತರ ಕೊಡುವ ಮುನ್ನ ಒಂದು ಓವರ್ ವಿವರಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಆಟ ನಿಮ್ಮ ಕಣ್ಣೆದುರು ಬಂದರೆ, ಮುಂದಿನ ಮಾತನ್ನು ಮಗಳ ಜೊತೆ ಕುಳಿತು ಆಡಿ.