ಮೀನಿನ ತೊಟ್ಟಿಗೆ ಹೊಸ ಅಲಂಕಾರ: ಹೊಳಪಿಗಿಂತ ಶುದ್ಧಿ ಮುಖ್ಯ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ನಗರದ ಅನೇಕ ಮನೆಗಳ ಹವ್ಯಾಸ. ಶ್ರೀರಂಗಪಟ್ಟಣದ ಪ್ರವಾಸದಿಂದ ಮರಳುವಾಗ ಕಾವೇರಿಯ ನಾಲ್ಕು ನುಣುಪು ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದು, ಸಂಜೆಯೇ ತೊಟ್ಟಿಗಿಳಿಸುವವರೂ ಉಂಟು. ಎರಡು ಮೂರು ದಿನಗಳಲ್ಲಿ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಟ್ಟರೆ ಆಹಾರವನ್ನೋ, ನಲ್ಲಿ ನೀರನ್ನೋ ದೂರುವುದು ರೂಢಿ. ಹೊಸದಾಗಿ ಸೇರಿಸಿದ ವಸ್ತುವಿನತ್ತ ಸಂಶಯ ಹೊರಳುವುದು ಅಪರೂಪ.

ಹರಿಯುವ ಹೊಳೆಯಲ್ಲಿ ಕಲ್ಲಿನಿಂದ ಬಿಡುಗಡೆಯಾದದ್ದು ಕೊಚ್ಚಿಹೋಗುತ್ತದೆ. ಐವತ್ತು ಲೀಟರ್ ನೀರಿನ ತೊಟ್ಟಿಯಲ್ಲಿ ಅದು ಅಲ್ಲೇ ಉಳಿದು, ಮೀನಿನ ಕಿವಿರುಗಳ ಮೂಲಕ ಮತ್ತೆ ಮತ್ತೆ ಹಾದುಹೋಗುತ್ತದೆ. ಆದ್ದರಿಂದ ವಸ್ತು ಕಣ್ಣಿಗೆ ಸ್ವಚ್ಛವಾಗಿ ಕಂಡರೆ ಸಾಲದು. ಅದು ನೀರಿಗೆ ಏನನ್ನು ಬಿಡುತ್ತದೆ ಎಂಬುದೇ ಮುಖ್ಯ. ಕಲ್ಲು, ಮರ, ಲೋಹ, ಪ್ಲಾಸ್ಟಿಕ್‌ಗಳಿಗೆ ಒಂದೇ ವಿಧಾನ ಸಲ್ಲದು. ಎಲ್ಲಕ್ಕೂ ಅನ್ವಯಿಸುವ ನಿಯಮ ಒಂದೇ: ಸೋಪು, ಪಾತ್ರೆ ತೊಳೆಯುವ ದ್ರವ, ಬಟ್ಟೆ ಪುಡಿ ಬಳಸಲೇಬಾರದು. ಇವುಗಳ ಅಲ್ಪ ಶೇಷವೂ ಮೀನಿನ ಮೈಮೇಲಿನ ಲೋಳೆಯ ಪದರವನ್ನೂ ಕಿವಿರುಗಳನ್ನೂ ಹಾಳುಮಾಡುತ್ತದೆ.

ಹೊಳೆಗಲ್ಲಿಗೆ ಹುಳಿಯ ಪರೀಕ್ಷೆ

ಕಲ್ಲು ಎಲ್ಲಿಂದ ಬಂತು ಎಂಬುದು ಮೊದಲ ಪ್ರಶ್ನೆ. ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಇಂತಹ ರಕ್ಷಿತ ಪ್ರದೇಶದಿಂದ ಕಲ್ಲು, ಮರದ ತುಂಡುಗಳನ್ನು ತರುವಂತಿಲ್ಲ. ಮಾರಾಟದ ಕಲ್ಲನ್ನು ಕೊಳ್ಳುವುದೇ ಲೇಸು.

ಕಲ್ಲನ್ನು ಹೊಸ ಬ್ರಷ್‌ನಿಂದ ಬರಿ ನೀರಿನಲ್ಲಿ ಉಜ್ಜಿ, ಒಣಗಿಸಿ, ಅದರ ಮೇಲೆ ಕೆಲವು ಹನಿ ವಿನೆಗರ್ ಬಿಡಬೇಕು. ನೊರೆ ಎದ್ದರೆ ಕಲ್ಲಿನಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಅದು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಏರಿಸುತ್ತದೆ. ಮೃದು ನೀರನ್ನು ಬಯಸುವ ಟೆಟ್ರಾದಂತಹ ಮೀನುಗಳಿಗೆ ಇದು ಹಿತವಲ್ಲ. ಕಪ್ಪೆಚಿಪ್ಪು, ಶಂಖಗಳೂ ಸುಣ್ಣದ ವಸ್ತುಗಳೇ. ಗ್ರಾನೈಟ್, ಬೆಣಚುಕಲ್ಲುಗಳಲ್ಲಿ ಸಾಮಾನ್ಯವಾಗಿ ನೊರೆ ಬರುವುದಿಲ್ಲ.

ಕಲ್ಲನ್ನು ಒಲೆಯ ಮೇಲೆ ಕುದಿಸುವುದು ಅಪಾಯಕಾರಿ. ಒಳಗೆ ಸಿಲುಕಿದ ನೀರು ಆವಿಯಾಗಿ ಹಿಗ್ಗಿದರೆ ಕಲ್ಲು ಸಿಡಿಯಬಹುದು. ಬಕೆಟ್ಟಿನಲ್ಲಿಟ್ಟು ಬಿಸಿನೀರು ಸುರಿದು, ತಣಿಯಲು ಬಿಟ್ಟು, ಮತ್ತೊಮ್ಮೆ ತೊಳೆದರೆ ಸಾಕು.

ಕೆತ್ತನೆಯ ಕಲ್ಲಿಗೆ ಎಣ್ಣೆಯ ಲೇಪ

ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ಶಿಲ್ಪ. ಬಳಪದ ಕಲ್ಲಿನಲ್ಲಿ ಕಡೆದದ್ದು. ಈ ಬಗೆಯ ಮೆದು ಕಲ್ಲಿನ ಪುಟ್ಟ ಆನೆ, ಮಂಟಪಗಳು ಕರಕುಶಲ ಮಳಿಗೆಗಳಲ್ಲಿ ದೊರೆಯುತ್ತವೆ. ಕಲ್ಲು ನಿರುಪದ್ರವಿಯಾಗಿದ್ದರೂ ಹೊಳಪಿಗಾಗಿ ಹಚ್ಚಿದ ಎಣ್ಣೆ, ಮೇಣ ಅಥವಾ ಬಣ್ಣ ನಿರುಪದ್ರವಿಯಲ್ಲ. ಬಿಸಿನೀರಿನಲ್ಲಿ ನೆನೆಸಿದಾಗ ಮೇಲೆ ಎಣ್ಣೆಯ ಪೊರೆ ತೇಲಿದರೆ, ಬಿಳಿ ಬಟ್ಟೆಗೆ ಬಣ್ಣ ಅಂಟಿದರೆ ಆ ವಸ್ತು ಷೋಕೇಸಿಗೆ ಮಾತ್ರ ಯೋಗ್ಯ.

ನಾಲೆಯಲ್ಲಿ ತೇಲಿಬಂದ ಮರ

ಪಾಂಡವಪುರ ಭಾಗದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರುಂಡು ಭತ್ತ, ಕಬ್ಬು ಬೆಳೆಯುತ್ತವೆ. ಕೃಷಿ ಪ್ರದೇಶದ ಕಾಲುವೆಗಳ ಬದಿಯಲ್ಲಿ ಸಿಗುವ ಬೇರು, ಕೊರಡುಗಳು ನೋಡಲು ಸೊಗಸಾಗಿದ್ದರೂ ಗದ್ದೆಗೆ ಸಿಂಪಡಿಸಿದ ಕೀಟನಾಶಕವನ್ನು ಹೀರಿಕೊಂಡಿರಬಹುದು. ಮರದ ಒಳಕ್ಕಿಳಿದ ವಿಷವನ್ನು ತೊಳೆದು ತೆಗೆಯುವುದು ದುಸ್ತರ. ಮೂಲ ತಿಳಿಯದ ಮರವನ್ನು ಬಿಡುವುದೇ ಜಾಣತನ. ಹಸಿ ಮರ, ಅಂಟು ಸುರಿಸುವ ಮರ, ಬೇವು ಸಹ ಬೇಡ.

ಅಂಗಡಿಯಿಂದ ತಂದ ಮರವನ್ನು ತೊಗಟೆ ಕಿತ್ತು, ಅಡುಗೆಗೆ ಬಳಸದ ಪಾತ್ರೆಯಲ್ಲಿ ಒಂದೆರಡು ಗಂಟೆ ಕುದಿಸಬೇಕು. ಪಾತ್ರೆಗೆ ಹಿಡಿಸದಿದ್ದರೆ ಒಂದೆರಡು ವಾರ ನೆನೆಸಿಟ್ಟು ನೀರು ಬದಲಿಸುತ್ತಿರಬೇಕು. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಆತಂಕ ಬೇಡ. ಅದು ಮರದ ಒಗರಿನ ಅಂಶವಾದ ಟ್ಯಾನಿನ್.

ಹಿತ್ತಾಳೆಗೆ ಶುದ್ಧಿಯೇ ಇಲ್ಲ

ನಾಗಮಂಗಲ ಲೋಹದ ಎರಕದ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಪರಂಪರೆಯ ಹಿತ್ತಾಳೆ, ಕಂಚಿನ ವಸ್ತುಗಳು ದೇವರ ಮನೆಗೆ ಶೋಭೆ ತರುತ್ತವೆ. ಮೀನಿನ ತೊಟ್ಟಿಗೆ ಅಲ್ಲ. ಎರಡರಲ್ಲೂ ಇರುವ ತಾಮ್ರ ನೀರಿಗೆ ಬಿಡುಗಡೆಯಾದರೆ ಕಿವಿರುಗಳಿಗೆ ಹಾನಿ ಮಾಡುತ್ತದೆ. ಸೀಗಡಿ, ಬಸವನಹುಳುಗಳಿಗೆ ಅತ್ಯಲ್ಪ ಪ್ರಮಾಣವೂ ಮಾರಕ. ಹುಣಸೆಹಣ್ಣಿನಿಂದ ಉಜ್ಜಿದರೆ ಕಿಲುಬು ಹೋಗಿ ಹೊಸ ಲೋಹ ಹೊರಬೀಳುತ್ತದೆಯೇ ಹೊರತು ತಾಮ್ರ ಹೋಗುವುದಿಲ್ಲ. ಹಳೆಯ ನಾಣ್ಯ, ಗೆಜ್ಜೆ, ಪುಟ್ಟ ಗಂಟೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ಲಾಸ್ಟಿಕ್ ಗಿಡ, ಪಿಂಗಾಣಿ ಗೊಂಬೆ

ಇವುಗಳನ್ನು ಬಿಳಿ ಬಕೆಟ್ಟಿನ ಬೆಚ್ಚನೆಯ ನೀರಿನಲ್ಲಿ 24 ಗಂಟೆ ಮುಳುಗಿಸಿಡಬೇಕು. ನೀರು ಬಣ್ಣಕ್ಕೆ ತಿರುಗಿದರೆ ಅಥವಾ ರಾಸಾಯನಿಕ ವಾಸನೆ ಬಂದರೆ ವಸ್ತುವನ್ನು ಅಂಗಡಿಗೇ ಹಿಂದಿರುಗಿಸುವುದು ಒಳಿತು. ಹಳೆಯ ನೈಲಾನ್ ಕಾಲುಚೀಲವನ್ನು ಅಂಚುಗಳ ಮೇಲೆ ಎಳೆದು ನೋಡಬೇಕು. ಅದು ಸಿಕ್ಕಿಕೊಂಡಲ್ಲಿ ಮೀನಿನ ರೆಕ್ಕೆಯೂ ಹರಿಯುತ್ತದೆ.

ಬೇರೆಯವರ ತೊಟ್ಟಿಯಿಂದ ಬಂದ ಅಲಂಕಾರ ರೋಗಾಣುಗಳನ್ನು ಹೊತ್ತು ತರಬಹುದು. ಅಂತಹ ಪ್ಲಾಸ್ಟಿಕ್, ಪಿಂಗಾಣಿ ವಸ್ತುಗಳನ್ನು ಸುಗಂಧ ಹಾಗೂ ಮಾರ್ಜಕ ಬೆರೆಸದ ಮನೆಬಳಕೆಯ ಬ್ಲೀಚ್ ದ್ರವ ಒಂದು ಪಾಲು, ನೀರು 19 ಪಾಲು ಸೇರಿಸಿದ ಮಿಶ್ರಣದಲ್ಲಿ 10ರಿಂದ 15 ನಿಮಿಷ ಇಡಬಹುದು. ಬಳಿಕ ಹಲವು ಬಾರಿ ತೊಳೆದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಬೆರೆಸಿದ ನೀರಿನಲ್ಲಿ ನೆನೆಸಿ, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಒಣಗಿಸಬೇಕು. ಮರ ಹಾಗೂ ರಂಧ್ರಗಳಿರುವ ಕಲ್ಲು ಬ್ಲೀಚನ್ನು ಹೀರಿಕೊಳ್ಳುವುದರಿಂದ ಅವಕ್ಕೆ ಈ ವಿಧಾನ ಬೇಡ. ಬ್ಲೀಚ್ ಜೊತೆ ವಿನೆಗರನ್ನಾಗಲಿ, ಬೇರಾವುದೇ ಆಮ್ಲವನ್ನಾಗಲಿ ಬೆರೆಸಿದರೆ ಕ್ಲೋರಿನ್ ಅನಿಲ ಉತ್ಪತ್ತಿಯಾಗಿ ಮನುಷ್ಯರ ಉಸಿರಿಗೇ ಕುತ್ತು ಬರುತ್ತದೆ.

ಎಲ್ಲ ಸಿದ್ಧವಾದ ಮೇಲೂ ಅಲಂಕಾರಗಳನ್ನು ಒಂದೊಂದಾಗಿ, ಕೆಲವು ದಿನಗಳ ಅಂತರದಲ್ಲಿ ಇಳಿಸುವುದು ವಿವೇಕ. ತೊಂದರೆ ಕಂಡರೆ ಕಾರಣ ಯಾವುದೆಂದು ಕೂಡಲೇ ತಿಳಿಯುತ್ತದೆ. ಮೀನು ಏದುಸಿರು ಬಿಟ್ಟರೆ, ಮೈಯನ್ನು ಕಲ್ಲಿಗೆ ಉಜ್ಜಿದರೆ ಅಥವಾ ಮೂಲೆ ಸೇರಿದರೆ ಹೊಸ ವಸ್ತುವನ್ನು ಹೊರತೆಗೆದು, ಕ್ಲೋರಿನ್ ನಿವಾರಿಸಿದ ನೀರಿನಿಂದ ತೊಟ್ಟಿಯ ಒಂದು ಭಾಗದ ನೀರನ್ನು ಬದಲಿಸಬೇಕು.