ಕಾವಲು ಕಂಪ್ಯೂಟರ್ ಎಲ್ಲಿ ಸಿಕ್ಕಿಬೀಳುತ್ತದೆ?

ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಸೇರಿತು. ಮಂಡಿಪೇಟೆಯ ಸಗಟು ಅಂಗಡಿಗಳ ಬಿಲ್ಲಿಂಗಿನಿಂದ ಹಿಡಿದು ಬ್ಯಾಂಕ್ ಶಾಖೆಗಳವರೆಗೆ ಈಗ ಎಲ್ಲ ವ್ಯವಹಾರವೂ ನೆಟ್‌ವರ್ಕನ್ನೇ ನೆಚ್ಚಿಕೊಂಡಿದೆ. ದೊಡ್ಡ ನೆಟ್‌ವರ್ಕ್ ಇರುವಲ್ಲಿ ಅದನ್ನು ಕಾಯುವ ಕಂಪ್ಯೂಟರೂ ಇರುತ್ತದೆ. ಪ್ರತಿ ಸ್ವಿಚ್, ರೂಟರ್ ಬದುಕಿದೆಯೇ, ಎಷ್ಟು ಡೇಟಾ ಸಾಗಿಸಿತು ಎಂದು ನಿಮಿಷಕ್ಕೊಮ್ಮೆ ವಿಚಾರಿಸಿ ಬರೆದಿಡುವುದು ಅದರ ಕೆಲಸ. ನಾಗಿಯೋಸ್, ಝಾಬಿಕ್ಸ್‌ನಂಥ ತಂತ್ರಾಂಶಗಳು ಮಾಡುವುದು ಇದನ್ನೇ. ಉಪಕರಣಗಳು ಹೆಚ್ಚಿದಂತೆ ಈ ಕಂಪ್ಯೂಟರ್ ಏದುಸಿರು ಬಿಡತೊಡಗುತ್ತದೆ: ಗ್ರಾಫ್‌ನಲ್ಲಿ ಖಾಲಿ ಜಾಗ, ಚೆನ್ನಾಗಿರುವ ಸ್ವಿಚ್ ಕೆಟ್ಟಿದೆಯೆಂಬ ಸುಳ್ಳು ಎಚ್ಚರಿಕೆ. ಆಗ ಮೊದಲು ಕೇಳಿಬರುವ ಸಲಹೆ, ರ್ಯಾಮ್ ಹಾಕಿಸಿ. ಸರದಿ ಎಲ್ಲಿ ನಿಂತಿದೆಯೆಂದು ಅಳೆಯುವ ಮುನ್ನ ಏನನ್ನೂ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. 500 ಉಪಕರಣ, ಒಂದೊಂದರಿಂದ 20 ಅಂಕಿ ಎಂದರೆ ನಿಮಿಷಕ್ಕೆ 10,000, ಸೆಕೆಂಡಿಗೆ ಸುಮಾರು 167. ಪ್ರೊಸೆಸರ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಪ್ರತಿ ಅಂಕಿಗೂ ಬೇರೆ ಫೈಲ್ ಇದ್ದರೆ ಹಾರ್ಡ್ ಡಿಸ್ಕ್‌ನ ಮುಳ್ಳು ಪ್ರತಿ ಸಲವೂ ಜಾಗ ಬದಲಿಸಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಇದಕ್ಕೆ ಸರಾಸರಿ 12 ಮಿಲಿಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 80 ಬರಹ ಮುಗಿದರೆ ಹೆಚ್ಚು. ಬರುವುದು 167, ಹೋಗುವುದು 80. ಮಂಡಿಯಲ್ಲಿ ಹಮಾಲರು ಎಷ್ಟೇ ಜನ ಇದ್ದರೂ ತಕ್ಕಡಿ ಒಂದೇ ಆದರೆ ಚೀಲಗಳು ಕಾಯಲೇಬೇಕಲ್ಲ, ಹಾಗೆ. ಲಿನಕ್ಸ್ ತೋರಿಸುವ 'ಲೋಡ್ ಆವರೇಜ್' ಡಿಸ್ಕ್‌ಗಾಗಿ ಕಾದಿರುವ ಕೆಲಸಗಳನ್ನೂ ಸೇರಿಸಿಕೊಳ್ಳುವುದರಿಂದ, ಸುಮ್ಮನೆ ಕುಳಿತ ಪ್ರೊಸೆಸರ್ ಮೇಲೆ ಅಪವಾದ ಬರುತ್ತದೆ. ಇಲ್ಲಿ ಬೇಕಾದದ್ದು ಎಸ್‌ಎಸ್‌ಡಿ, ಇಲ್ಲವೇ ಬರಹಗಳನ್ನು ಕೂಡಿಟ್ಟು ಒಟ್ಟಿಗೆ ಇಳಿಸುವ ವ್ಯವಸ್ಥೆ.

ಕರೆಂಟ್ ಹೋದಾಗಿನ ಕಥೆ ಬೇರೆ. 100 ಉಪಕರಣ ಒಮ್ಮೆಲೇ ಆರಿದವು ಎನ್ನಿ. ಒಂದೊಂದಕ್ಕೂ 5 ಸೆಕೆಂಡಿನಂತೆ ಮೂರು ಸಲ ಕಾದರೆ 1,500 ಸೆಕೆಂಡು. ಹತ್ತು ಪ್ರೊಸೆಸ್‌ಗಳು ಹಂಚಿಕೊಂಡರೂ 150. ನಿಮಿಷದ ಸುತ್ತು ಅಲ್ಲಿಗೆ ತಪ್ಪಿತು. ಪ್ರೊಸೆಸರ್, ರ್ಯಾಮ್, ಡಿಸ್ಕ್ ಮೂರೂ ಬಿಡುವಾಗಿವೆ, ಕಾಯುವುದರಲ್ಲೇ ಹೊತ್ತು ಹೋಗಿದೆ. ಮುಂದಿನ ಸ್ವಿಚ್ ಆರಿದ್ದರೆ ಅದರ ಹಿಂದಿನವನ್ನು ವಿಚಾರಿಸಬೇಡ ಎಂದು ಹೇಳಿಕೊಟ್ಟರೆ ಸಾಕು, ಖರ್ಚಿಲ್ಲದೆ ಬಗೆಹರಿಯುತ್ತದೆ.

ರ್ಯಾಮ್ ಅಗ್ಗ, ತಂತ್ರಜ್ಞರ ಸಮಯ ದುಬಾರಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಡೇಟಾಬೇಸ್ ಪದೇ ಪದೇ ಓದುವ ಭಾಗ ಪೂರ್ತಿ ಮೆಮೊರಿಯಲ್ಲಿ ಹಿಡಿದರೆ ಡಿಸ್ಕ್‌ನ ಹೊರೆ ನಿಜಕ್ಕೂ ಇಳಿಯುತ್ತದೆ. ಆದರೆ ಪಡೆದ ಮೆಮೊರಿಯನ್ನು ಹಿಂದಿರುಗಿಸದ ಪ್ರೋಗ್ರಾಂ ಇದ್ದರೆ, ಹೆಚ್ಚುವರಿ ರ್ಯಾಮ್ ಕುಸಿತವನ್ನು ಮುಂದೂಡುತ್ತದೆ ಅಷ್ಟೇ. ಐದು ನಿಮಿಷಕ್ಕೊಮ್ಮೆ ವಿಚಾರಿಸಿದರಾಯಿತು ಎಂಬ ವಾದ ಡಿಸ್ಕ್‌ನ ಖಾಲಿ ಜಾಗ ನೋಡಲು ಸರಿ. ಸಾಗಿದ ಡೇಟಾ ಅಳೆಯಲು ಅಪಾಯ: ಗಿಗಾಬಿಟ್ ಲೈನ್ ತುಂಬಿ ಹರಿಯುವಾಗ 32 ಬಿಟ್ ಕೌಂಟರ್ 34 ಸೆಕೆಂಡಿಗೇ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ, ಲೆಕ್ಕ ಸುಳ್ಳಾಗುತ್ತದೆ. 64 ಬಿಟ್ ಕೌಂಟರ್ ಬಳಸಿದ ಮೇಲೆಯೇ ಅಂತರ ಹಿಗ್ಗಿಸಬೇಕು. ಇನ್ನು ಈ ಕಂಪ್ಯೂಟರಿನ ಸರದಿಯ ಉದ್ದ, ಡಿಸ್ಕ್ ಕಾಯುವಿಕೆಗಳನ್ನು ಬೇರೊಂದು ಯಂತ್ರದಲ್ಲಿ ದಾಖಲಿಸಬೇಕು. ಕಾವಲಿನದೇ ಉಸಿರು ಕಟ್ಟಿದಾಗ ಅದರ ಸ್ವಂತ ದಾಖಲೆಯೂ ನಿಂತುಹೋಗಿರುತ್ತದೆ.