ಸೇದುವ ಔಷಧವೂ ಶ್ವಾಸಕೋಶದ ಕಾವಲೂ

ಜಮಖಂಡಿ, ಬೀಳಗಿಗಳ ಹಳ್ಳಿಗಳಲ್ಲಿ ಕಟ್ಟಿಗೆ-ಕುಳ್ಳುಗಳ ಒಲೆಯ ಮುಂದೆ ಆಯುಷ್ಯ ಸವೆಸಿದ ಅಜ್ಜಿಯರುಂಟು. ಮುಧೋಳದ ಬೆಲ್ಲದ ಗಾಣಗಳ ಹೊಗೆಯಲ್ಲಿ, ರಬಕವಿ-ಬನಹಟ್ಟಿಯ ಮಗ್ಗಗಳ ನೂಲಿನ ಧೂಳಿನಲ್ಲಿ ದುಡಿದ ಹಿರಿಯರುಂಟು. ಬೀಡಿಯನ್ನು ಮುಟ್ಟದಿದ್ದರೂ ಇಂಥವರಲ್ಲಿ ಕೆಲವರಿಗೆ ಕೆಮ್ಮು, ಕಫ, ಏದುಸಿರು ಬಿಡದೆ ಅಂಟಿಕೊಳ್ಳುತ್ತವೆ. ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರ್ತಿ ಅಗಲವಾಗದ ವ್ಯಾಧಿಯನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ.

ಹೊಗೆಗೂ ಲೆಕ್ಕವುಂಟು. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿತು. ಗುಣಲಬ್ಧವು 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷಕ್ಕೇ ಅಷ್ಟಾಯಿತು!

ಇಂಥ ರೋಗಿಗಳಲ್ಲಿ ಕೆಲವರಿಗೆ ವೈದ್ಯರು ಸ್ಟಿರಾಯ್ಡ್ ಸೇರಿದ ಇನ್‌ಹೇಲರನ್ನು ಕೊಡುತ್ತಾರೆ. ಅದರ ಕಣಗಳು ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಐದು ಭಾಗದಷ್ಟಿದ್ದರೆ ಕಿರುನಾಳಗಳನ್ನು ತಲುಪುತ್ತವೆ. ದೊಡ್ಡವು ಗಂಟಲಲ್ಲೇ ಉಳಿಯುತ್ತವೆ. ಸ್ಟಿರಾಯ್ಡ್ ಉರಿಯೂತವನ್ನು ತಣಿಸುತ್ತದೆ; ರೋಗ ಉಲ್ಬಣಿಸುವುದನ್ನು ಕಡಿಮೆ ಮಾಡುತ್ತದೆ. ಆದರೆ ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಗಮನಿಸಿ 2007ರಲ್ಲಿ ಪ್ರಕಟವಾದ 'ಟಾರ್ಚ್' ಪರೀಕ್ಷೆಯಲ್ಲಿ ಒಂದು ವೈಚಿತ್ರ್ಯ ಕಂಡಿತು: ಬರಿಯ ತೋರಿಕೆಯ ಔಷಧ ಪಡೆದವರಲ್ಲಿ ಶೇಕಡಾ 12.3 ಮಂದಿಗೆ ನ್ಯುಮೋನಿಯ ಬಂದರೆ, ಫ್ಲೂಟಿಕಾಸೋನ್ ಎಂಬ ಸ್ಟಿರಾಯ್ಡನ್ನು ಮಾತ್ರ ಪಡೆದವರಲ್ಲಿ ಶೇಕಡಾ 18.3 ಮಂದಿಗೆ ಬಂದಿತ್ತು.

ಕಾರಣವೇನು? ವೈರಸ್ಸು ಹೊಕ್ಕಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ವಸ್ತುವನ್ನು ಹೊರಬಿಡುತ್ತವೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಇದನ್ನು ಲಂಡನ್ನಿನಲ್ಲಿ ಕಂಡುಹಿಡಿದರು. ನೆಗಡಿಯ ವೈರಸ್ಸು ತಗುಲಿದಾಗ ಸ್ಟಿರಾಯ್ಡ್ ಈ ಇಂಟರ್‌ಫೆರಾನನ್ನೇ ಕುಗ್ಗಿಸುತ್ತದೆಂದೂ, ಆಗ ಬ್ಯಾಕ್ಟೀರಿಯಗಳೂ ಕಫವೂ ಹೆಚ್ಚುತ್ತವೆಂದೂ 2018ರ ಪ್ರಯೋಗಗಳು ತೋರಿಸಿದವು. ಇಲಿಗಳಿಗೆ ಇಂಟರ್‌ಫೆರಾನನ್ನು ಹೊರಗಿನಿಂದ ಕೊಟ್ಟಾಗ ಈ ದುಷ್ಪರಿಣಾಮ ಇಳಿಯಿತು. ಮನೆಯ ಗದ್ದಲವನ್ನು ಅಡಗಿಸಹೋಗಿ ಕಾವಲುಗಾರನ ಬಾಯನ್ನೂ ಕಟ್ಟಿದಂತಾಯಿತು.

ಹಾಗೆಂದು ಔಷಧವನ್ನು ಎಸೆಯಬಹುದೆ? ಸಲ್ಲದು. ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಒಂದು ಘನ ಮಿಲಿಮೀಟರು ರಕ್ತದಲ್ಲಿ 300 ಅಥವಾ ಹೆಚ್ಚಿದ್ದರೆ ಸ್ಟಿರಾಯ್ಡಿನ ಲಾಭ ಅಧಿಕ. 100ಕ್ಕಿಂತ ಕಡಿಮೆಯಿದ್ದರೆ ಅತ್ಯಲ್ಪ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತೂಗಿನೋಡಬೇಕಾದವರು ವೈದ್ಯರು. ಅಸ್ತಮಾ ಬೇರೆಯೇ ವ್ಯಾಧಿ. ಅದರಲ್ಲಿ ಸೇದುವ ಸ್ಟಿರಾಯ್ಡೇ ಮುಖ್ಯ ಆಧಾರ. ಆದ್ದರಿಂದ ಯಾರೂ ತಾವಾಗಿ ಔಷಧವನ್ನು ನಿಲ್ಲಿಸಲಾಗದು.

ಸೇದಿದೊಡನೆ ಬಾಯಿ ಮುಕ್ಕಳಿಸಿ ಉಗುಳುವುದು, ಫ್ಲೂ ಮತ್ತು ನ್ಯುಮೋನಿಯದ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳುವುದು, ಒಲೆಯ ಹೊಗೆಗೆ ಹೊರದಾರಿ ಮಾಡುವುದು, ಇವಿಷ್ಟು ಮನೆಯವರ ಕರ್ತವ್ಯ. ವಿದ್ಯಾರ್ಥಿಗಳಿಗೂ ಒಂದುಂಟು. ಶಾಲೆಯಿಂದ ನೆಗಡಿಯನ್ನು ಮನೆಗೆ ತರುವವರು ಹಲವು ವೇಳೆ ನಾವೇ. ನಮಗೆ ಅದು ಮೂರು ದಿನದ ಸೀನು. ಅಜ್ಜಿಗೆ ಆಸ್ಪತ್ರೆಯ ಹಾದಿಯಾಗಬಹುದು. ನೆಗಡಿಯಾದಾಗ ಕೈ ತೊಳೆದು, ಮೂಗು-ಬಾಯಿ ಮುಚ್ಚಿಕೊಂಡು, ನಾಲ್ಕು ದಿನ ಆಕೆಯಿಂದ ದೂರ ಕುಳಿತರೆ, ಅದೂ ಚಿಕಿತ್ಸೆಯ ಒಂದು ಭಾಗವೇ ಸರಿ.